ಅಂಗೈ ಎತ್ತರ

ಗೊನೆ ಬಿದ್ದರೆ ಬೀಳಲಿ ಎಂದು ಸುಮ್ಮನಿದ್ದಿದ್ದರೆ ನೀಲಗಂಗಮ್ಮನ ಎಡಭುಜಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಸುಮ್ಮನಿರುವುದು ಆಕೆಯ ಹಣೆಯಲ್ಲೇ ಬರೆದಿರಲಿಲ್ಲ. ನಿಜಾಮರ ಫಸಲಿ ಲೆಕ್ಕದ ೧೩೪೦ನೇ ಸಾಲಿನಲ್ಲಿ, ಶ್ರಾವಣ ಮುಗಿದ ಮರುವಾರ, ಕಮಲಾಪುರದ ತಮ್ಮ ಕೆಂಪುಬಾಳೆಯ ತೋಟದಲ್ಲಿ ಗಂಡ ಖಂಡೆಪ್ಪ ಗೊನೆ ಕಡಿಯುತ್ತಿದ್ದ. "ಆಕಡಿ ಸರೀ, ಬೀಳ್ತದ!" ಎಂದು ಅವನು ಕೂಗಿದ್ದು ಆಕೆಗೆ ಚೆನ್ನಾಗಿಯೇ ಕೇಳಿಸಿತ್ತು. ಗಂಡ ಹೇಳಿದ್ದನ್ನೆಲ್ಲ ಕೇಳುತ್ತ ಕೂತಿದ್ದರೆ ಮೂವತ್ತು ವರ್ಷದ ಸಂಸಾರ ನಡೆಯುತ್ತಿತ್ತೇ? ಎಡಗೈ ಚಾಚಿ ಗೊನೆಯನ್ನು ಹಿಡಿದೇಬಿಟ್ಟಳು. ಒಂದು ಹಣ್ಣೂ ನೆಲಕ್ಕೆ ತಾಗಲಿಲ್ಲ. ಭುಜದೊಳಗೆ ಮಾತ್ರ ಹಳೆಯ ಸೀರೆ ಹರಿದಂಥ ಸದ್ದಾಯಿತು.

ಊರಲ್ಲಿ ಎಲುಬು ಕೂಡಿಸುವ ಗುಂಡಣ್ಣ ಬಂದು ಮುಟ್ಟಿ ನೋಡಿದ. ಎಣ್ಣೆ ಹಚ್ಚಿದ, ಬಿದಿರ ದಬ್ಬೆ ಕಟ್ಟಿದ. ಎಂಟು ದಿನ ಕಳೆದ ಮೇಲೆ ದಬ್ಬೆ ಬಿಚ್ಚಿ, "ಎಲುಬು ನೆಟ್ಟಗದ, ಕೀಲೂ ನೆಟ್ಟಗದ. ಕೈ ಯಾಕ ಏಳವಲ್ದು ಅನ್ನೂದು ನನಗ ತಿಳೀವಲ್ದು ಯವ್ವಾ" ಎಂದು ಕೈ ಚೆಲ್ಲಿದ. ಅಷ್ಟು ಪ್ರಾಮಾಣಿಕ ವೈದ್ಯ ಸಿಗುವುದೂ ಪುಣ್ಯವೇ.

ನೋವನ್ನು ನೀಲಗಂಗಮ್ಮ ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದಳು. ಆಕೆಯನ್ನು ಹಣ್ಣು ಮಾಡಿದ್ದು ಬೇರೆಯೇ ಒಂದು ಭಯ. ಏಳನೇ ವಯಸ್ಸಿನಿಂದ ಆಕೆ ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕಿದವಳಲ್ಲ. ದಿನಾ ಬೆಳಿಗ್ಗೆ ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು, ಬಲಗೈಯಿಂದ ನೀರೆರೆದು, ಭಸ್ಮ ಧರಿಸಿ, ಪತ್ರಿ ಏರಿಸಿ, ಎದೆಯ ಮಟ್ಟಕ್ಕೆ ಎತ್ತಿ ದೃಷ್ಟಿಯಿಡಬೇಕು. ಈಗ ಎಡಗೈ ಏಳುವುದಿಲ್ಲ. ಮೊಣಕೈಯನ್ನು ತೊಡೆಯ ಮೇಲೂರಿ ಹೇಗೋ ಮಾಡುತ್ತಿದ್ದಳು. ಒಂಬತ್ತನೆಯ ದಿನ ಅಂಗೈ ಥರಥರ ನಡುಗಿ ಲಿಂಗ ಬೆರಳ ತುದಿಗೆ ಜಾರಿತು. ಬಲಗೈಯಿಂದ ಹಿಡಿದು ಎದೆಗೊತ್ತಿಕೊಂಡಳು. ಕೈಯಿಂದ ಲಿಂಗ ನೆಲಕ್ಕೆ ಬಿದ್ದವರು ಬದುಕಿದ್ದೂ ಸತ್ತಂತೆ ಎಂದು ಆಕೆಯ ತವರಿನ ಹಿರಿಯರು ಹೇಳುತ್ತಿದ್ದ ಮಾತು ನೆನಪಾಗಿ, ಆ ದಿನ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

"ಬಂಡಿ ಹೂಡ್ರಿ, ಕಲಬುರ್ಗಿಗೆ ಹೋಗೂನು" ಎಂದಳು ಗಂಡನಿಗೆ.

"ನಿನ್ನೆತನಕ ದವಾಖಾನಿ ಹೆಸರು ತಗದ್ರ ಮೈಮ್ಯಾಲ ಬರ್ತಿದ್ದಿ?"

"ನಿನ್ನಿ ನಿನ್ನಿಗಿ ಆತು. ಹೂಡ್ರಿ."

ನಸುಕಿಗೆ ಹೊರಟ ಬಂಡಿ ಹೊತ್ತು ಮುಳುಗುವಾಗ ಕಲಬುರ್ಗಿಯ ಶಹಾಬಜಾರದಲ್ಲಿದ್ದ ಮಗನ ಮನೆ ಮುಟ್ಟಿತು. ಮಗ ನಾಗಣ್ಣನಿಗೆ ಅಲ್ಲಿ ಬೇಳೆಕಾಳಿನ ಅಂಗಡಿ. ಸೊಸೆ ಜಯದೇವಿ ಅದೇ ಗಲ್ಲಿಯಲ್ಲಿ ಹುಟ್ಟಿ ಬೆಳೆದವಳು, ಮದುವೆಯಾಗಿ ಎರಡು ವರ್ಷ. ಅತ್ತೆಯ ಲೆಕ್ಕದಲ್ಲಿ ಈ ಹುಡುಗಿಯ ರೊಟ್ಟಿ ದಪ್ಪ, ಮಾತು ತೆಳು. ಎದುರು ನಿಂತು ಒಂದು ಮಾತಾಡಿದ್ದನ್ನು ಕಂಡವರಿಲ್ಲ.

ಸರಕಾರಿ ದವಾಖಾನೆಯ ದೊಡ್ಡ ಡಾಕ್ಟರ್ ಶಬ್ಬೀರ್ ಸಾಹೇಬರು ಕೈ ಎತ್ತಿ ನೋಡಿದರು, ಬಿಟ್ಟು ನೋಡಿದರು. ಬಿಟ್ಟ ಕೈ ಒದ್ದೆ ಬಟ್ಟೆಯ ಹಾಗೆ ಬಿತ್ತು.

"ನರ ಹರದದ. ಎಲುಬಿಗಿ ಹತ್ಕೊಂಡಿದ್ದದ್ದು ಕಿತ್ತು ಬಂದದ. ಕೊಯ್ದು, ಮತ್ತ ಅಲ್ಲೇ ಇಟ್ಟು ಹೊಲೀಬೇಕು."

ಖಂಡೆಪ್ಪ ಗಾಬರಿಯಾದ. "ಹೊಲೀಲಿಕ್ಕಿ ಅಕಿ ಏನು ಕೌದಿ ಏನ್ರಿ ಸಾಹೇಬ್ರ?"

"ಕೌದಿಕಿಂತ ಗಟ್ಟಿ ಹೊಲೀತೀನಿ. ಹೊಲೀಲಿಲ್ಲಂದ್ರ ಕೈ ಹಿಂಗೇ ಜೋತಾಡ್ತದ, ಆಮ್ಯಾಲ ನನ್ನ ಬೈಬ್ಯಾಡ್ರಿ."

ನೀಲಗಂಗಮ್ಮ ಸೆರಗು ಸರಿಮಾಡಿಕೊಂಡು ಕೇಳಿದಳು. "ಹೊಲದ್ರ ಅಂಗೈ ಎದಿ ಮಟ ಬರ್ತದೇನ್ರಿ? ನಡಗಂಗಿಲ್ಲದಂಗ ನಿಂದರ್ತದೇನು?"

"ನಾ ಹೇಳ್ದಂಗ ಕೇಳಿದ್ರ ತಲಿ ಮ್ಯಾಲ ಹೋಗ್ತದ, ಅಮ್ಮಾ."

"ತಲಿ ಮ್ಯಾಲ ನನಗ ಬ್ಯಾಡ್ರಿ. ಎದಿ ಮಟ ಕೊಡ್ರಿ, ಸಾಕು."

ಆಪರೇಶನ್ ದಿನ ಕಂಪೌಂಡರ್ ಆಕೆಯ ಕೊರಳಿನ ಕರಡಿಗೆ ಬಿಚ್ಚಿಡಿ ಎಂದದ್ದೇ ತಡ, ಮೇಜಿನ ಮೇಲೇ ಎದ್ದು ಕೂತಳು. "ಇದನ್ನ ತೆಗ್ಯಾದಾದ್ರ ಜೀವಾನೂ ಕೂಡೇ ತೆಗೀರಿ, ಖರ್ಚು ಉಳೀತದ." ಸಾಹೇಬರು ನಕ್ಕು, ಅದನ್ನು ಆಕೆಯ ಬಲರಟ್ಟೆಗೆ ಕಟ್ಟಿಕೊಳ್ಳಲು ಹೇಳಿದರು. ಆಮೇಲಷ್ಟೇ ಕ್ಲೋರೋಫಾರಂ ಮೂಗಿಗೆ ಬಂತು. ಹೊರಗೆ ಬೇವಿನ ಗಿಡದ ಕೆಳಗೆ ಖಂಡೆಪ್ಪ ಎಷ್ಟು ಸಲ ಎದ್ದ, ಎಷ್ಟು ಸಲ ಕೂತ ಎನ್ನುವುದನ್ನು ನಾಗಣ್ಣ ಮುಂದೆ ವರ್ಷಗಟ್ಟಲೆ ಆಡಿ ತೋರಿಸುತ್ತಿದ್ದ.

ಹೊಲಿಗೆ ಚಂದ ಕೂತಿತು. ಕಷ್ಟ ಶುರುವಾದದ್ದು ಅದಾದ ಮೇಲೆ. ಎಚ್ಚರವಾದಾಗ ನೀಲಗಂಗಮ್ಮನ ಎಡಗೈಯನ್ನು ಮೈಗೆ ಸೇರಿಸಿ, ಅಂಗೈ ಹೊಟ್ಟೆಯ ಕಡೆಗೆ ತಿರುಗಿಸಿ, ಪಟ್ಟಿಯಿಂದ ಬಿಗಿದು ಕಟ್ಟಿದ್ದರು.

"ಇದು ಎಷ್ಟ್ ದಿನ?"

"ಆರು ವಾರ ಅಂತವ್ವ" ಎಂದ ನಾಗಣ್ಣ.

"ಆರು ವಾರ ನಾ ಪೂಜಿ ಎಲ್ಲಿ ಮಾಡ್ಲಿ? ನಿನ್ನ ತಲಿ ಮ್ಯಾಲ?"

ಆ ದಿನ ಉಣ್ಣಲಿಲ್ಲ. ಮರುದಿನವೂ ಇಲ್ಲ. ಜಯದೇವಿ ತಂದ ಅಂಬಲಿ ತಣ್ಣಗಾಗಿ ಕೆನೆಗಟ್ಟಿತು. ನೀರೂ ಬೇಡವೆಂದು ತುಟಿ ಬಿಗಿದು ಮಲಗಿದಳು. ಖಂಡೆಪ್ಪ ಬೈದ, ಬೇಡಿದ, ಮತ್ತೆ ಬೈದ. ಶಬ್ಬೀರ್ ಸಾಹೇಬರು ಬಂದು ಮಂಚದ ಹತ್ತಿರ ನಿಂತು, "ಹೊಟ್ಟಿಗಿ ಏನೂ ಹಾಕಲಿಲ್ಲಂದ್ರ ನಾ ಹಾಕಿದ ಹೊಲಗಿ ಹಿಡಿಯಂಗಿಲ್ಲ, ಅಮ್ಮಾ. ನನ್ನ ಮೆಹನತ್ ಎಲ್ಲಾ ಮಣ್ಣಿಗಿ ಹೋಗ್ತದ" ಎಂದರು.

"ಪಟ್ಟಿ ಬಿಚ್ಚಿಸ್ರಿ, ಒಂದು ಗಳಿಗಿ. ಪೂಜಿ ಮಾಡ್ಕೊಂಡು ಮತ್ತ ಕಟ್ಟಿಸ್ಕೊಂತೀನಿ."

"ಒಂದು ಗಳಿಗಿ ಭುಜ ಅಲುಗಿದ್ರೂ ಎಲ್ಲಾ ಖತಮ್."

ಇಬ್ಬರೂ ಹಟಮಾರಿಗಳು. ನಡುವೆ ಖಂಡೆಪ್ಪನ ಕಣ್ಣಲ್ಲಿ ನೀರು. ಆಗ ಬಾಗಿಲ ಮರೆಯಿಂದ, ತಲೆಮೇಲಿನ ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡೇ, ಜಯದೇವಿ ತನ್ನ ಗಲ್ಲಿಯಲ್ಲಿ ಕಲಿತ ಉರ್ದುವಿನಲ್ಲಿ ಏನೋ ಕೇಳಿದಳು. ಮಾವನ ಮುಂದೆ ಪರಗಂಡಸಿನ ಜೊತೆ ಸೊಸೆ ಮಾತಾಡಿದಳು! ನಾಗಣ್ಣ ನೆಲ ನೋಡಿದ. ಡಾಕ್ಟರು ಆಕೆಯ ಕಡೆ ತಿರುಗಿ ಒಂದು ಗಳಿಗೆ ಯೋಚಿಸಿ, ಜೋರಾಗಿ ನಕ್ಕರು.

"ಏನಂದ್ಲಿಕಿ?" ಎಂದಳು ನೀಲಗಂಗಮ್ಮ.

"ಭುಜ ಅಲುಗಬಾರದು, ಖರೆ. ಆದ್ರ ಅಂಗೈ ಯಾಕ ಹೊಟ್ಟಿ ಕಡಿ ನೋಡ್ಬೇಕು, ಆಕಾಶದ ಕಡಿ ನೋಡಿದ್ರ ನಿಮಗೇನು ತಕರಾರು, ಅಂತ ಕೇಳ್ತಾಳ" ಎಂದರು ಡಾಕ್ಟರು. "ಭುಜ ನನ್ನದು, ಅಂಗೈ ನಿಮ್ಮದು. ಯಾವ ಕಡಿಯರೆ ನೋಡ್ಲಿ!"

ಅರ್ಧ ತಾಸಿನಲ್ಲಿ ಪಟ್ಟಿ ಹೊಸದಾಗಿ ಬಿತ್ತು. ಮೊಣಕೈ ಪಕ್ಕೆಗಂಟಿ, ಮುಂಗೈ ಹೊಟ್ಟೆಯ ಮುಂದೆ ಅಡ್ಡ, ಅಡಿಯಲ್ಲಿ ತೆಳುವಾದ ಹಲಗೆ, ಅಂಗೈ ಆಕಾಶ ನೋಡುತ್ತ. ಆಕೆ ಬಲಗೈಯಿಂದ ಕರಡಿಗೆ ತೆರೆದು ಲಿಂಗವನ್ನು ಆ ಅಂಗೈಯಲ್ಲಿಟ್ಟಳು. ಹಲಗೆಯ ಮೇಲಿನ ಕೈ ಕಲ್ಲಿನ ಹಾಗೆ ನಿಂತಿತ್ತು. ಪಟ್ಟಿ ನೆನೆಯಬಾರದೆಂದು ಜಯದೇವಿ ಬಟ್ಟಲು ಹಿಡಿದು ಕೂತಳು. ಎರಡು ದಿನದ ಮೇಲೆ ನೀಲಗಂಗಮ್ಮ ಅಂಬಲಿ ಕುಡಿದಳು, ಕುಡಿದು, "ಉಪ್ಪು ಕಡಿಮಿ ಆಗ್ಯದ" ಎಂದಳು. ಬದುಕಿದಳು ಎಂದು ಖಂಡೆಪ್ಪನಿಗೆ ನಂಬಿಕೆ ಬಂದದ್ದು ಆಗಲೇ.

ತೋಟ ನೋಡಬೇಕೆಂದು ಖಂಡೆಪ್ಪ ಊರಿಗೆ ಹೋದ. ಆರು ವಾರ ಶಹಾಬಜಾರದ ಆ ಎರಡು ಕೋಣೆಯ ಮನೆಯಲ್ಲಿ ಅತ್ತೆ ಸೊಸೆ ಹೇಗೆ ಕಳೆದರೋ, ಕೇಳಿದವರೇ ಸುಸ್ತಾಗಬೇಕು. ಸೀರೆ ಉಡಿಸುವವಳು ಜಯದೇವಿ, ತಲೆ ಬಾಚುವವಳು ಜಯದೇವಿ, ರಾತ್ರಿ ಹೊರಳದಂತೆ ಬೆನ್ನಿಗೆ ಕೌದಿ ಒತ್ತರಿಸುವವಳೂ ಅವಳೇ. ಕೂತಲ್ಲಿಂದ ಹುಕುಂ ಕೊಡುವವಳು ನೀಲಗಂಗಮ್ಮ.

"ರೊಟ್ಟಿ ಬಡೀಲಾಕತ್ತೀಯೋ, ರೊಟ್ಟಿಗಿ ಹೆದರಿಸ್ಲಾಕತ್ತೀಯೋ? ತಿರುವಿ ಬಡಿ!"

"ಹೂನ್ರಿ ಅತ್ತಿ."

"ಪುಂಡಿಪಲ್ಲೆಕ್ಕ ಬಳ್ಳೊಳ್ಳಿ ಹಾಕಿಲ್ಲೇನು?"

"ಹಾಕೀನ್ರಿ."

"ಮತ್ತ ಎಲ್ಲಿ ಹೋತು, ಊರಿಗಿ ಹೋತೇನು?"

ಪಕ್ಕದ ಮನೆಯ ಭೀಮಬಾಯಿ ದಿನಾ ಮಧ್ಯಾಹ್ನ ಬಂದು ಕೂರುತ್ತಿದ್ದಳು. "ನಿಮ್ಮ ಸೊಸಿ ಬಂಗಾರ ನೋಡ್ರೆವ್ವ" ಎಂದರೆ ನೀಲಗಂಗಮ್ಮ, "ಬಂಗಾರ ಖರೆ. ಆದ್ರ ರೊಟ್ಟಿ ಕಬ್ಬಣ" ಎನ್ನುವಳು. ಒಳಗೆ ಜಯದೇವಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದದ್ದು ಆಕೆಗೆ ಕಾಣುತ್ತಿರಲಿಲ್ಲ.

ಆರು ವಾರ ಮುಗಿದು ಪಟ್ಟಿ ಬಿಚ್ಚಿದ ದಿನ ಕೈ ಬಡಕಲಾಗಿ, ಯಾರದೋ ಕೈ ತಂದು ಅಂಟಿಸಿದಂತಿತ್ತು. ಎತ್ತಲು ಹೋದರೆ ಒಂದು ಗೇಣೂ ಏಳದು. ಡಾಕ್ಟರು ಆಕೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಎಡಗೈಯ ಬೆರಳು ಗೋಡೆಗೆ ಹಚ್ಚಿಸಿದರು. "ಹಲ್ಲಿ ಹತ್ತಿದಂಗ ಬೆರಳಿಲೆ ಹತ್ಸ್ರಿ. ದಿನಾ ಮೂರು ಸಲ. ತಲಿ ದಾಟೂತನಕ ಬಿಡಬ್ಯಾಡ್ರಿ. ನಡುವೇ ಬಿಟ್ರ ಕೀಲು ಬಿಗೀತದ, ಏರಿದ್ದೂ ಇಳೀತದ."

ಅಡುಗೆಮನೆಯ ಹೊರಗೋಡೆಯ ಮೇಲೆ ಜಯದೇವಿ ಇದ್ದಿಲಿನಿಂದ ಮೊದಲ ಗೆರೆ ಎಳೆದಳು. ಅದು ಸೊಂಟಕ್ಕಿಂತ ಎರಡು ಬೆರಳು ಮೇಲೆ. ಮರುದಿನ ಅದರ ಮೇಲೊಂದು ಬೆರಳು. ಆ ಗೋಡೆ ಗಲ್ಲಿಗೆಲ್ಲ ಆಟವಾಯಿತು. ಭೀಮಬಾಯಿ ಬೆಳಿಗ್ಗೆ ಬಂದು ಗೆರೆ ನೋಡಿಯೇ ನೀರಿಗೆ ಹೋಗುವಳು. ನಾಗಣ್ಣ ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಬಂದವನು ಕಾಲು ತೊಳೆಯುವ ಮೊದಲೇ, "ಎಷ್ಟಾತು?" ಎಂದು ಕೂಗುವನು.

"ಎರಡು ಬೆರಳು ಏರ್ಯಾರ!" ಎಂದು ಒಳಗಿಂದ ಜಯದೇವಿ.

"ಎರಡಲ್ಲ, ಎರಡೂವರಿ. ಸರಿ ಅಳತಿ ಮಾಡು" ಎಂದು ನೀಲಗಂಗಮ್ಮ.

ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ದಿನಾ ಬೆಳಗಾದರೆ ಹೊಸ ಗೆರೆಯ ಹುರುಪು. ಮದುವೆ ಮನೆಯಲ್ಲೂ ಇಷ್ಟು ಉತ್ಸಾಹ ಇರಲಿಕ್ಕಿಲ್ಲ. ಇಪ್ಪತ್ತನೆಯ ದಿನ ಗೆರೆ ಎದೆಗೆ ಬಂತು. ಮತ್ತೆ ನಾಲ್ಕು ದಿನಕ್ಕೆ ಗಲ್ಲದ ಮಟ್ಟ. ಆ ಬೆಳಿಗ್ಗೆ ಪೂಜೆಗೆ ಕೂತವಳು ಲಿಂಗ ಹಿಡಿದ ಅಂಗೈಯನ್ನು ಆಸರೆಯಿಲ್ಲದೆ ಎದೆಯ ಮುಂದೆ ನಿಲ್ಲಿಸಿದಳು. ಕೈ ನಡುಗಲಿಲ್ಲ. ಪೂಜೆ ಮುಗಿದದ್ದೇ ಗಂಟು ಕಟ್ಟತೊಡಗಿದಳು.

"ಯವ್ವಾ, ತಲಿ ದಾಟೂತನಕ ಅಂದಾರ ಸಾಹೇಬ್ರು" ಎಂದ ನಾಗಣ್ಣ.

"ಅವರು ಅವರ ಲೆಕ್ಕ ಹೇಳ್ಯಾರ. ನಾ ಕೇಳಿದ್ದು ಎದಿ ಮಟ, ಅದು ಸಿಕ್ಕದ. ತಲಿ ಮ್ಯಾಲ ಕೈ ಎತ್ತಿ ನಾ ಏನು ಗರಡಿಗಿ ಹೋಗ್ಬೇಕ?"

ಜಯದೇವಿ ಅತ್ತೆಯ ಗಂಟನ್ನು ತಾನೇ ಎತ್ತಿ ಬಂಡಿಯಲ್ಲಿಟ್ಟಳು.

ಕಮಲಾಪುರದಲ್ಲಿ ಮನೆ ಎರಡು ತಿಂಗಳು ಗಂಡಸಿನ ಕೈಯಲ್ಲಿ ಇದ್ದ ಲಕ್ಷಣ ಎಲ್ಲ ಕಡೆ ಕಾಣುತ್ತಿತ್ತು. ಸಾರಿಸುವುದು, ಕೇರುವುದು, ಖಂಡೆಪ್ಪನಿಗೆ ಬೈಯುವುದು, ಇವುಗಳ ನಡುವೆ ಗೋಡೆ ಯಾರಿಗೆ ನೆನಪು? ಹತ್ತು ದಿನವಾದ ಮೇಲೆ ಪೂಜೆಯಲ್ಲಿ ಅಂಗೈ ಒಂದಿಷ್ಟು ಕೆಳಗೆ ನಿಂತಂತೆ ಅನಿಸಿತು. ಕೂತ ಮಣೆ ಎತ್ತರವಾಗಿದೆ ಎಂದುಕೊಂಡು ಮಣೆ ಬದಲಿಸಿದಳು. ಮತ್ತೂ ಒಂದು ವಾರಕ್ಕೆ ಭುಜ ತುಕ್ಕು ಹಿಡಿದ ಕೀಲಿಯಂತೆ ಬಿಗಿಯಿತು. ಒಂದು ಬೆಳಿಗ್ಗೆ ಕೈ ಮತ್ತೆ ನಡುಗಿತು. ಆಕೆ ಯಾರಿಗೂ ಹೇಳದೆ ಮೊಣಕೈಯ ಕೆಳಗೆ ಬಲಗೈಯ ಆಸರೆ ಕೊಟ್ಟಳು, ಪತ್ರಿ ಏರಿಸುವುದನ್ನು ಬೇಗ ಬೇಗ ಮುಗಿಸಿದಳು.

ಆ ವಾರವೇ ನಾಗಣ್ಣ ತೊಗರಿ ಒಯ್ಯಲು ಬಂಡಿ ತಂದ. ಜೊತೆಗೆ ಜಯದೇವಿಯೂ ಬಂದಳು. ಮರುದಿನ ಬೆಳಿಗ್ಗೆ ಎಲ್ಲರೂ ಉಣ್ಣಲು ಕೂತಾಗ ನೀಲಗಂಗಮ್ಮ ಎಂದಿನಂತೆ ಶುರು ಮಾಡಿದಳು.

"ಇನ್ನೂ ರೊಟ್ಟಿ ದಪ್ಪೇ ಅವ. ಎರಡು ತಿಂಗಳು ನಾ ಕಲಿಸಿದ್ದು ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು."

ಜಯದೇವಿ ಬಡಿಸುತ್ತಿದ್ದ ಬುಟ್ಟಿಯನ್ನು ನೆಲಕ್ಕಿಟ್ಟಳು. "ನನ್ನ ರೊಟ್ಟಿ ದಪ್ಪ ಇರ್ಲಿರಿ. ನಿಮ್ಮ ಕೈ ಇಳದದ."

ನೀಲಗಂಗಮ್ಮ ರೊಟ್ಟಿಯಿಂದ ತಲೆ ಎತ್ತಿದಳು.

"ಏನಂದಿ?"

"ಇವತ್ತು ಪೂಜಾದಾಗ ಬಲಗೈ ಆಸರ ಕೊಟ್ರಿ. ನಾ ನೋಡೀನಿ. ಬಾಗಲ್ದಾಗ ನಿಂತಿದ್ದೆ, ನನ್ನ ಕೈಕಾಲು ಥಣ್ಣಗಾದವು."

"ಏ, ಸುಮ್ಮನಿರು" ಎಂದ ನಾಗಣ್ಣ.

"ಸುಮ್ಮನ ಇದ್ದಿದ್ದೇ ತಪ್ಪಾತು! ಅವತ್ತೇ ಗಂಟು ಕಸ್ಕೋಬೇಕಿತ್ತು ನಾನು." ಆಕೆ ಮಾತು ನಿಲ್ಲಿಸಲಿಲ್ಲ. "ಎದಿ ಮಟ ಸಾಕು, ಎದಿ ಮಟ ಸಾಕು ಅಂದ್ರಿ. ಬಾವ್ಯಾಗ ನೀರು ಕೊಡ ಮುಳುಗೂವಷ್ಟೇ ಇದ್ರ ನಾಳಿಗಿ ಏನು ಸೇದ್ತೀರಿ? ತಲಿ ಮಟ ಏರಿದ ಕೈ ಎದಿ ಮಟ ನಿಂದರ್ತದ. ಎದಿ ಮಟ ಬಿಟ್ಟ ಕೈ ತೊಡಿಗೇ ಬರ್ತದ. ಲಿಂಗ ಕೈ ಜಾರಿ ಬಿದ್ದ ದಿನ ನೀವು ಇರಂಗಿಲ್ಲ, ನನಗ ಗೊತ್ತದ. ಆಮ್ಯಾಲ ನನಗ ರೊಟ್ಟಿ ಕಲಿಸಾವ್ರು ಯಾರು?"

ನೀಲಗಂಗಮ್ಮ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದಳು. ಯಾರಿಗೂ ಹೇಳದ ಮಾತು ಇವಳ ಬಾಯಲ್ಲಿ! ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ಅದನ್ನು ಮಜ್ಜಿಗೆಯ ಜೊತೆ ನುಂಗಿ, ಗಂಡನ ಕಡೆ ತಿರುಗಿದಳು. "ನೋಡ್ಕೋತ ಕುಂತೀರಲ್ಲ, ಇಕಿ ನನಗ ಹೆಂಗ ಮಾತಾಡ್ತಾಳ?"

"ನೋಡ್ಲಾಕತ್ತೀನಿ" ಎಂದ ಖಂಡೆಪ್ಪ. "ಮೂವತ್ತು ವರ್ಷದಾಗ ನನಗ ಆಗಿದ್ದಿಲ್ಲ. ಹೆಂಗ ಮಾತಾಡಬೇಕಂತ ಕಲೀಲಾಕತ್ತೀನಿ."

ನಾಗಣ್ಣ ನಕ್ಕುಬಿಟ್ಟ. ನೀಲಗಂಗಮ್ಮನ ಬಾಯೂ ಓರೆಯಾಯಿತು.

ಈ ಸಲ ಗೋಡೆ ಸಾಲಲಿಲ್ಲ. ಬಿಗಿದ ಭುಜ ಬೆರಳಿಗೆ ಬಗ್ಗದು. ನಾಗಣ್ಣ ಕಲಬುರ್ಗಿಗೆ ಹೋಗಿ ಶಬ್ಬೀರ್ ಸಾಹೇಬರನ್ನು ಕೇಳಿ ಬಂದ. ಮೇಲೆ ಗಾಲಿ ಕಟ್ಟಿ, ಹಗ್ಗ ಹಾಕಿ, ಒಳ್ಳೆಯ ಕೈಯಿಂದ ಎಳೆದು ಕೆಟ್ಟ ಕೈ ಎತ್ತಿಸಬೇಕಂತೆ. ಹೊಸ ಗಾಲಿ ತರಿಸುವಷ್ಟು ತಾಳ್ಮೆ ಖಂಡೆಪ್ಪನಿಗೆಲ್ಲಿ? ಬಾವಿಯ ಗಡಗಡಿಯನ್ನೇ ಬಿಚ್ಚಿ ತಂದು ಪಡಸಾಲೆಯ ತೊಲೆಗೆ ಕಟ್ಟಿದ. ಬರಿ ಹಗ್ಗದಲ್ಲಿ ನೀರು ಸೇದಿ ಸೇದಿ ಅಂಗೈ ಬೊಬ್ಬೆ ಬರಿಸಿಕೊಂಡ. ಒಳಗೆ ಗಡಗಡಿ ಕಿರ್ರೆನ್ನುತ್ತಿತ್ತು. ನೀಲಗಂಗಮ್ಮ ಬಲಗೈಯಿಂದ ಎಳೆಯುವಳು, ಎಡಗೈ ಮೇಲೇರುವುದು, ಆಕೆ ಸತ್ತೆನೋ ಕೆಟ್ಟೆನೋ ಎಂದು ಕೂಗುವಳು.

"ಸಾಕು ಬಿಡೇ ನಮ್ಮವ್ವ!"

"ಇನ್ನ ಐದು ಸಲ ಅದ ರೀ."

"ಐದಲ್ಲ, ನಾಲ್ಕು!"

"ನೀವು ಜಗಳಾಡಿದ್ದಕ್ಕ ಆರಾತು."

ಜಯದೇವಿ ಶಹಾಬಜಾರಕ್ಕೆ ಹೋಗಲಿಲ್ಲ. ನಾಗಣ್ಣ ಅಂಗಡಿಯ ಹಿಂದೆ ತಾನೇ ಬೇಯಿಸಿಕೊಂಡು ಉಂಡ, ಅದನ್ನು ಉಂಡಿದ್ದೇ ದೊಡ್ಡ ಸಾಹಸ. ಐದು ವಾರ ಹೀಗೆ ನಡೆಯಿತು. ಭುಜ ಮೊದಲು ಮುನಿಸಿಕೊಂಡು, ಆಮೇಲೆ ಗೊಣಗಿ, ಕೊನೆಗೆ ಸೋತು ಬಿಟ್ಟುಕೊಟ್ಟಿತು. ಹಗ್ಗದ ಸಹಾಯದಿಂದ ಕೈ ತಲೆ ದಾಟಿತು. ಹಗ್ಗ ಬಿಟ್ಟರೆ ಏರುತ್ತದೆಯೇ, ಏರಿದರೆ ನಿಲ್ಲುತ್ತದೆಯೇ? ಅದನ್ನು ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ನೀಲಗಂಗಮ್ಮ ಮಿಂದು ಪೂಜೆಗೆ ಕೂತಳು. ಜಯದೇವಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಖಂಡೆಪ್ಪ ಮುಖ ತೊಳೆಯುತ್ತಿದ್ದವನು ತಂಬಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದ. ಆಕೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೀರೆರೆದಳು, ಪತ್ರಿ ಏರಿಸಿದಳು, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಂಗೈ ನಿಧಾನವಾಗಿ ಎದ್ದಿತು. ಹೊಟ್ಟೆ ದಾಟಿ ಎದೆಗೆ ಬಂತು. ಅಲ್ಲಿ ನಿಲ್ಲಲಿಲ್ಲ, ಗಲ್ಲ ದಾಟಿ ಕಣ್ಣಿನ ನೇರಕ್ಕೆ ಬಂದು ನಿಂತಿತು. ಪತ್ರಿಯ ಎಸಳು ಕೂಡ ಅಲುಗಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಖಂಡೆಪ್ಪನ ತಂಬಿಗೆಯ ನೀರೆಲ್ಲ ಅವನ ಕಾಲ ಮೇಲೆ ಸುರಿದಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ.

ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಸೇರಿಸಿ, "ಜಯದೇವಿ, ಬಾ ಇಲ್ಲಿ" ಎಂದಳು. ಎರಡು ವರ್ಷದಲ್ಲಿ ಆಕೆ ಸೊಸೆಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಜಯದೇವಿ ಓಡಿ ಬಂದು ಕಾಲಿಗೆ ಬಗ್ಗಿದಳು.

"ಬಗ್ಗಬ್ಯಾಡ. ನೆಟ್ಟಗ ನಿಂದ್ರು."

ಹುಡುಗಿ ಅತ್ತೆಗಿಂತ ಒಂದು ಗೇಣು ಎತ್ತರ. ನೆಟ್ಟಗೆ ನಿಂತವಳ ತಲೆಯ ಮೇಲೆ ಕೈ ಇಡಬೇಕಾದರೆ ಭುಜ ಇದುವರೆಗೆ ತಾನಾಗಿ ಏರದಷ್ಟು ಮೇಲೆ ಏರಬೇಕು. ನೀಲಗಂಗಮ್ಮ ಉಸಿರು ಹಿಡಿದು ಎಡಗೈ ಎತ್ತಿದಳು. ನೋವಿಗೆ ಹುಬ್ಬು ಗಂಟಾಯಿತು. ಕೈ ತನ್ನ ತಲೆ ದಾಟಿತು, ಸೊಸೆಯ ಬೈತಲೆ ಮುಟ್ಟಿತು.

"ಎಡಗೈಲೆ ಯಾರರೆ ಹರಸ್ತಾರೇನ?" ಎಂದ ಖಂಡೆಪ್ಪ.

"ಬಲಗೈಲೆ ಹರಸಾವ್ರು ಊರ ತುಂಬ ಅದಾರ" ಎಂದಳು ನೀಲಗಂಗಮ್ಮ. "ಇದು ನನ್ನ ಲಿಂಗ ಕುಂದ್ರೂ ಕೈ. ಇದನ್ನ ನನಗ ಹೊಳ್ಳಿ ಕೊಟ್ಟಾಕಿ ತಲಿ ಮ್ಯಾಲ ಇಡ್ಲಾರ್ದ ಮತ್ತ ಎಲ್ಲಿಡ್ಲಿ?"

ಜಯದೇವಿ ಕಣ್ಣು ಮುಚ್ಚಿ ನಿಂತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹಣೆಗೆ ಅತ್ತೆಯ ಒದ್ದೆ ಬೆರಳು ತಾಗುತ್ತಿತ್ತು. ಅಡುಗೆಮನೆಯಲ್ಲಿ ಹೆಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಮೂವರಿಗೂ ಬಂತು, ಆದರೂ ನೀಲಗಂಗಮ್ಮ ಕೈ ಇಳಿಸಲಿಲ್ಲ.